ಉಳಿದ ಗೋಡೆಯ ಮಣ್ಣು

ಹೊಸ ಊರು, ದೇವನಕೊಂಡ ಮಂಡಲ
12 ಫೆಬ್ರವರಿ 2024

ಮೊಮ್ಮಗಳು ಸುಹಾಸಿನಿಗೆ ಅಜ್ಜಿ ಉಚ್ಚಮ್ಮ ಬರೆಯುವುದು.

ನಿನ್ನ ಕಾಗದ ಬಂತು. ಫೋನು ಕಿವಿಗೆ ಹಿಡಿದರೆ ನನಗೆ ಸೇಂಗಾ ಹುರಿಯುವ ಸದ್ದು ಬಿಟ್ಟು ಬೇರೇನೂ ಕೇಳುವುದಿಲ್ಲ ಎಂದು ನೆನಪಿಟ್ಟು ಬರೆದೆಯಲ್ಲ, ಅದಕ್ಕೆ ಸಂತೋಷ. ಬರೆದ ವಿಷಯಕ್ಕೆ ಮಾತ್ರ ನಗು ಬಂತು. ಆದೋನಿಯಲ್ಲಿ ಜಾಗ ಕೊಂಡು ಅದರಲ್ಲಿ ಮಣ್ಣಿನ ಮನೆ ಕಟ್ಟುತ್ತೀರಂತೆ. ಅದಕ್ಕೆ ನೀನೂ ನಿನ್ನ ಗಂಡ ಬಾಲರಾಜನೂ ಮೂರು ದಿನ ತರಬೇತಿಗೆ ಹೋಗಿ ಬಂದಿರಂತೆ. ನಾನು ಹುಟ್ಟಿದ್ದು ಮಣ್ಣಿನ ಮನೆಯಲ್ಲಿ, ಹಡೆದದ್ದು ಮಣ್ಣಿನ ಮನೆಯಲ್ಲಿ. ನನಗೆ ಯಾರೂ ಸರ್ಟಿಫಿಕೇಟು ಕೊಡಲಿಲ್ಲ.

ನಿನ್ನ ಸೋದರಮಾವ ತಿರುಮಲೇಶನಿಗೆ ಓದಿ ಹೇಳಿದೆ. "ಎಲ್ಲಾರೂ ಮಣ್ಣು ಬಿಟ್ಟು ಸ್ಲ್ಯಾಬಿಗೆ ಬಂದರ, ಈಕಿ ಸ್ಲ್ಯಾಬು ಬಿಟ್ಟು ಮಣ್ಣಿಗೆ ಹೊಂಟಾಳ" ಎಂದ. ಅವನ ಸ್ಲ್ಯಾಬಿನ ಕೆಳಗೆ ಏಪ್ರಿಲ್ ತಿಂಗಳಲ್ಲಿ ಹಿಟ್ಟು ತಟ್ಟಿಟ್ಟರೆ ಸಾಕು, ಒಲೆ ಬೇಡ, ರೊಟ್ಟಿ ತಾನೇ ಬೇಯುತ್ತದೆ. ಆದ್ದರಿಂದ ನೀನು ಹೇಳುವುದರಲ್ಲಿ ಹುರುಳಿಲ್ಲ ಎನ್ನಲಾರೆ. ಇಟ್ಟಿಗೆ ಬಟ್ಟಿಯವರು ಹೊಲದ ಮೇಲ್ಮಣ್ಣು ಎಬ್ಬಿಸಿ ಸುಡುವುದನ್ನು ನಾನೂ ನೋಡಿದ್ದೇನೆ. ಆಮೇಲೆ ಆ ಹೊಲದಲ್ಲಿ ಕಳೆ ಸಹ ಏಳಲು ಯೋಚನೆ ಮಾಡುತ್ತದೆ. ನಿನ್ನ ಮಗಳು ಹಾರಿಕಾಗೆ ಸೆಕೆಗೆ ಮೈತುಂಬ ಬೆವರುಸಾಲೆ ಏಳುತ್ತದೆ ಎಂದು ಬರೆದಿದ್ದೀ. ಮಗುವಿಗೆ ತಣ್ಣನೆ ಗೋಡೆ ಸಿಗಲಿ.

ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಕೆರೆಯಂಚಿನ ಕೆಂಪು ಮಣ್ಣು ತರಿಸು. ಮುಷ್ಟಿಯಷ್ಟು ಉಂಡೆ ಮಾಡಿ, ಒಣಗಿಸಿ, ಎದೆ ಎತ್ತರದಿಂದ ಕೈಬಿಡು. ಪುಡಿಯಾದರೆ ಆ ಮಣ್ಣು ಬೇಡ. ಎರಡು ಮೂರು ಹೋಳಾದರೆ ತಗೋ. ಹೊಟ್ಟು ಬೆರೆಸಿ ನಾಲ್ಕು ದಿನ ನೆನೆಹಾಕಿ ತುಳಿಸು. ಗೋಡೆಯ ಒಂದು ವರಸೆ ಒಣಗುವ ತನಕ ಇನ್ನೊಂದಕ್ಕೆ ಕೈ ಹಾಕಬೇಡ. ಬಾಲರಾಜನಿಗೆ ಅವಸರ ಜಾಸ್ತಿ, ಅವನನ್ನು ಗೋಡೆಯ ಹತ್ತಿರ ಬಿಡಬೇಡ.

ಉಚ್ಚಮ್ಮ

ಆದೋನಿ
21 ಫೆಬ್ರವರಿ 2024

ಅಜ್ಜಿ,

ನಿನ್ನ ಕಾಗದವನ್ನು ಬಾಲರಾಜ್‌ಗೆ ಓದಿ ಹೇಳಿದೆ. ಗೋಡೆಯ ಹತ್ತಿರ ಬಿಡಬೇಡ ಎಂಬ ಸಾಲನ್ನು ಎರಡು ಸಲ ಓದಿದೆ. ಶಾಲೆಯಲ್ಲಿ ದಿನವಿಡೀ ತೆಲುಗು ಬರೆಸುವ ನಾನು ಕನ್ನಡ ಬರೆಯುವುದು ನಿನಗೊಬ್ಬಳಿಗೇ. ನೀನು ಸ್ಲೇಟಿನ ಮೇಲೆ ಕಿವಿ ಹಿಂಡಿ ಕಲಿಸಿದ ಅಕ್ಷರ ಇವು, ತಪ್ಪಿದ್ದರೆ ಬೈಯಬೇಡ.

ಕೆರೆಯ ಮಣ್ಣು ಬೇಡವೆಂದುಕೊಂಡಿದ್ದೇವೆ. ಹೊಸ ಮಣ್ಣು ತೋಡಿದರೆ ಅಲ್ಲೊಂದು ಗುಂಡಿ ಉಳಿಯುತ್ತದೆ. ಬಿದ್ದ ಹಳೆಯ ಮನೆಯ ಮಣ್ಣಾದರೆ ಯಾರಿಗೂ ನಷ್ಟವಿಲ್ಲ. ಒಮ್ಮೆ ತುಳಿದು, ಒಣಗಿ, ಮಳೆ ಬಿಸಿಲು ಉಂಡ ಮಣ್ಣು, ಮತ್ತೆ ನೆನೆಸಿದರೆ ಮತ್ತೆ ಗೋಡೆಯಾಗುತ್ತದೆ ಎಂದು ತರಬೇತಿಯಲ್ಲಿ ಹೇಳಿದರು. ಆಗ ನನಗೆ ನೆನಪಾದದ್ದು ಹಳೇ ಊರಿನ ನಮ್ಮ ಮನೆ. ಊರಿನವರೆಲ್ಲ ಅದನ್ನು ಬಿಟ್ಟು ರಸ್ತೆಯ ಪಕ್ಕದ ಹೊಸ ಊರಿಗೆ ಬಂದು ಎಷ್ಟೋ ವರ್ಷವಾಯಿತು, ಅಲ್ಲಿ ಎಲ್ಲವೂ ಬಿದ್ದಿದೆ ಎಂದು ನೀನೇ ಹೇಳಿದ್ದೀ. ನಾಲ್ಕು ಟ್ರ್ಯಾಕ್ಟರ್ ಮಣ್ಣು ಸಾಕು. ತಾತ ಕಟ್ಟಿದ ಮನೆಯ ಮಣ್ಣಿನಲ್ಲಿ ನನ್ನ ಮನೆ ಎದ್ದರೆ ಎಷ್ಟು ಚೆನ್ನ.

ನೆಲಕ್ಕೆ ಟೈಲ್ಸ್ ಇಲ್ಲ, ಬೇತಂಚೆರ್ಲದ ಬಂಡೆ. ಸಿಮೆಂಟು ಬಳಸುವುದು ಒಂದಕ್ಕೇ, ಅಂಗಳದ ಕೆಳಗೆ ಮಳೆನೀರು ಹಿಡಿಯುವ ಸಂಪಿನ ಗುಂಡಿಗೆ. ಒಬ್ಬ ಆಳು ಇಳಿಯುವಷ್ಟು ಬಾಯಿ ಬಿಟ್ಟು ಮೇಲೆಲ್ಲ ಮುಚ್ಚುತ್ತೇವೆ.

ಮಣ್ಣಿಗೆ ಹೂಂ ಅನ್ನು ಅಜ್ಜಿ.

ಸುಹಾಸಿನಿ

ಹೊಸ ಊರು
28 ಫೆಬ್ರವರಿ 2024

ಸುಹಾಸಿನಿ,

ಹಳೇ ಊರಿನ ಮಣ್ಣು ಬೇಡ. ಅದಕ್ಕೆ ಗೆದ್ದಲು ಹಿಡಿದಿದೆ. ಗೆದ್ದಲು ಇಲ್ಲದ ಕಡೆ ಚೌಳು ಎದ್ದಿದೆ, ಗೋಡೆ ಕಟ್ಟಿದ ಎರಡನೇ ವರ್ಷಕ್ಕೆ ಉಪ್ಪು ಉದುರಿದಂತೆ ಉದುರುತ್ತದೆ. ನಾನು ಆ ಕಡೆ ಕಾಲಿಟ್ಟು ಇಪ್ಪತ್ತು ವರ್ಷವಾಯಿತು. ಅಲ್ಲಿ ಏನೂ ನಿಂತಿಲ್ಲ. ಜಾಲಿ ಬೆಳೆದಿದೆ, ಹಾವು ಇವೆ.

ಯಾರಿಗೂ ನಷ್ಟವಿಲ್ಲ ಎಂದು ಬರೆದಿದ್ದೀ. ಮೂರು ದಿನದಲ್ಲಿ ಯಾರಿಗೆ ಏನು ನಷ್ಟ ಎನ್ನುವುದನ್ನೂ ಕಲಿಸಿಬಿಟ್ಟರೇನು? ಆಸ್ಪರಿ ಕಡೆ ಬಿದ್ದ ಮನೆಗಳಿಗೆ ಬರವಿಲ್ಲ. ಬೇರೆ ಯಾರದಾದರೂ ಕೇಳು. ನಾನು ಬೇಕಾದರೆ ಪತ್ತಿಕೊಂಡದ ನಮ್ಮ ಸುಭದ್ರಮ್ಮನಿಗೆ ಹೇಳಿಸುತ್ತೇನೆ, ಅವರ ಹಳೆಯ ದನದ ಕೊಟ್ಟಿಗೆ ಬಿದ್ದಿದೆ. ಒಳ್ಳೆಯ ಮಣ್ಣು. ದನದ ಗಂಜಲ ಕುಡಿದ ಮಣ್ಣಿಗೆ ಗೆದ್ದಲು ಮುಟ್ಟುವುದಿಲ್ಲ.

ಇನ್ನು ಆ ಸಂಪು. ನೆಲದೊಳಗೆ ಬಾಯಿ ಮಾಡಬೇಡ. ನೀರು ಬೇಕಾದರೆ ಅಂಗಳದ ಮೂಲೆಯಲ್ಲಿ ತೊಟ್ಟಿ ಕಟ್ಟಿಸು, ನೆಲದ ಮೇಲೆ, ಕಣ್ಣಿಗೆ ಕಾಣುವ ಹಾಗೆ. ಮಗು ಇರುವ ಮನೆ. ಯಾಕೆ ಎಂದು ಕೇಳಿ ಇನ್ನೊಂದು ಕಾಗದ ಬರೆಯಬೇಡ, ಉತ್ತರ ಬರೆಯುವುದಿಲ್ಲ.

ನಿನ್ನ ಅಕ್ಷರದಲ್ಲಿ ತಪ್ಪಿಲ್ಲ. ಬುದ್ಧಿಯಲ್ಲಿ ಇದೆ.

ಉಚ್ಚಮ್ಮ

ಆದೋನಿ
30 ಮಾರ್ಚ್ 2024

ಅಜ್ಜಿ,

ತಿಂಗಳಿನಿಂದ ಬರೆಯಲಿಲ್ಲ. ಬರೆಯಲು ಧೈರ್ಯ ಬರಲಿಲ್ಲ ಎನ್ನುವುದೇ ಸರಿ. ಹಳೇ ಊರಿನ ಮಣ್ಣು ತರಿಸಿಬಿಟ್ಟೆ. ಮಾವನನ್ನು ಫೋನಿನಲ್ಲಿ ಕೇಳಿದೆ, "ಒಯ್ಯವ್ವ, ಮಣ್ಣಿಗೇನು ಕಾವಲು ಇಟ್ಟೀವೇನು" ಎಂದ. ಆ ಜಾಗ ಮಾವನಿಗೇ ಉಳಿಯಬೇಕೆಂದು ನೀನು ನನ್ನನ್ನು ತಡೆಯುತ್ತಿದ್ದೀ ಎಂದುಕೊಂಡಿದ್ದೆ. ಅವನೇ ಒಪ್ಪಿದ ಮೇಲೆ ನಿನ್ನದೇನು ಎಂದುಕೊಂಡೆ. ಸಿಟ್ಟು ಮಾಡು, ಆದರೆ ಮುಂದಿನದು ಓದು.

ನಮ್ಮ ಮೇಸ್ತ್ರಿ ಆಂಜಿನಪ್ಪ ಟ್ರ್ಯಾಕ್ಟರ್ ತೆಗೆದುಕೊಂಡು ಹೋಗಿದ್ದ. ಅಲ್ಲಿಂದ ಬಂದವನು ನೀರು ಸಹ ಕುಡಿಯದೆ ಹೇಳಿದ: "ಟೀಚರಮ್ಮಾ, ಆ ಮನಿಗೆ ಮಾಳಿಗಿ ಇಲ್ಲ, ಬಾಗಿಲಿಲ್ಲ. ಮೂರು ಗ್ವಾಡಿ ಬಿದ್ದು ಮಣ್ಣಾಗ್ಯಾವ. ನಾಕನೇದು ಮಾತ್ರ ಮೊನ್ನೆ ಸಾರಿಸಿದಂಗ ಐತಿ. ಸೆಗಣಿ ವಾಸನಿ ಇನ್ನಾ ಹೋಗಿಲ್ಲ. ಸುತ್ತ ಜಾಲಿ, ಅದರಾಗ ಒಂದು ಗ್ವಾಡಿ ಹಬ್ಬಕ್ಕ ತಯಾರಾದಂಗ ನಿಂತೈತಿ. ಯಾರದಾರ ಅಲ್ಲಿ?"

ಅವನ ಜೊತೆ ಹೋದ ಇಬ್ಬರು ಆಳುಗಳು ಆ ಗೋಡೆಗೆ ಗುದ್ದಲಿ ಹಾಕಲು ಒಪ್ಪಲಿಲ್ಲವಂತೆ. 'ವದ್ದು ಮೇಸ್ತ್ರಿ, ಬ್ಯಾಡ' ಎಂದು ಟ್ರ್ಯಾಕ್ಟರ್ ಹತ್ತಿ ಕೂತರಂತೆ. ಅಮಾವಾಸ್ಯೆಗೊಮ್ಮೆ ಅಲ್ಲಿ ದೆವ್ವ ಬಂದು ಸಾರಿಸುತ್ತದೆ ಎಂದು ಕುರಿ ಕಾಯುವವರು ಹೇಳಿದ್ದರಂತೆ. ಆಂಜಿನಪ್ಪ ಒಬ್ಬನೇ ಅದನ್ನು ಕೆಡವಿದ. ನೀನು ಏನೂ ನಿಂತಿಲ್ಲ ಎಂದಿದ್ದೀ.

ಹೆಂಟೆ ಒಡೆಯುವಾಗ ಒಂದು ದೊಡ್ಡ ತುಂಡು ನಾನು ಮುಟ್ಟಿದ ಕೂಡಲೇ ಎರಡಾಯಿತು. ನಡುವೆ ತೆಳ್ಳಗೆ ಸುಣ್ಣ. ಒಳಗಿನ ಹೋಳಿನಲ್ಲಿ ಒಂದು ಕೈ ಒತ್ತಿದ ಗುರುತು, ಐದು ಬೆರಳು, ಚಿಕ್ಕ ಕೈ. ಮೇಲೆ ಮೆತ್ತಿದ ಹೋಳಿನಲ್ಲಿ ಅದೇ ಕೈ ಉಬ್ಬಿ ನಿಂತಿತ್ತು. ಒಳಗಿನಿಂದ ಯಾರೋ ಹೊರಕ್ಕೆ ಚಾಚಿದ ಹಾಗೆ. ಹಾರಿಕಾ ಓಡಿಬಂದು ಆ ಉಬ್ಬು ಕೈಗೆ ತನ್ನ ಕೈ ಹಚ್ಚಿ, "ಅಮ್ಮಾ, ಈಕಿ ಕೈ ತಣ್ಣಗೈತಿ" ಎಂದಳು. ಈಕಿ ಎಂದು ಯಾಕೆ ಹೇಳಿದಳೋ ಗೊತ್ತಿಲ್ಲ.

ಒಳಗಿನ ಹೋಳು ಮಣ್ಣು ನೆನೆಸುವ ಗುಂಡಿಗೆ ಬಿದ್ದು ಮಣ್ಣಿನ ಜೊತೆ ನೆನೆದುಹೋಯಿತು. ಉಬ್ಬು ಕೈಯ ಹೋಳನ್ನು ಹಾರಿಕಾ ಬಿಡುತ್ತಿಲ್ಲ, ಬಾಡಿಗೆ ಮನೆಯ ಕಿಟಕಿಯಲ್ಲಿ ಇಟ್ಟುಕೊಂಡಿದ್ದಾಳೆ.

ಅದು ಯಾರ ಕೈ ಅಜ್ಜಿ? ಆ ಗೋಡೆ ಯಾರು ಸಾರಿಸುತ್ತಾರೆ?

ಸುಹಾಸಿನಿ

ಹೊಸ ಊರು
9 ಏಪ್ರಿಲ್ 2024, ಯುಗಾದಿ

ಕಾಗದ ಬಂತು. ಹಬ್ಬಕ್ಕೆ ಬರುವುದಿಲ್ಲ, ನೀವೂ ಬರಬೇಡಿ. ನಿನ್ನೆ ಅಮಾವಾಸ್ಯೆ. ನಾನು ಎಲ್ಲಿಗೂ ಹೋಗಲಿಲ್ಲ.

ಉಚ್ಚಮ್ಮ

ಆದೋನಿ
29 ಏಪ್ರಿಲ್ 2024

ಅಜ್ಜಿ,

ನಿನ್ನ ಮೂರು ಸಾಲಿನ ಕಾಗದ ನೋಡಿ ಅಮ್ಮನನ್ನು ಕೇಳಿದೆ. ಹೇಳಿದಳು. ಅವಳು ಹುಟ್ಟುವ ಮೊದಲು ಅವಳಿಗೊಬ್ಬ ಅಕ್ಕ ಇದ್ದಳಂತೆ, ರಾಮಲಕ್ಷ್ಮಿ. ಹನ್ನೊಂದು ವರ್ಷದವಳು. ತಾತ ಜೋಳ ಇಡುವ ನೆಲದ ಹಗೇವಿನ ಬಾಯಿ ತೆರೆದಿಟ್ಟು ಹೊಲಕ್ಕೆ ಹೋಗಿದ್ದರಂತೆ, ಹುಡುಗಿ ಆಡುತ್ತಾ ಬಿದ್ದು ಸತ್ತಳಂತೆ. "ನಮ್ಮಪ್ಪನ ಮುಖ ನೋಡಿದಾಗೆಲ್ಲ ನನಗ ಅದ ನೆನಪಾಗ್ತಿತ್ತು. ಒಂದು ದಿನ ಆತನ ತೊಡಿ ಮ್ಯಾಲ ಕುಂತಿಲ್ಲ ನಾನು" ಎಂದಳು. ನಿನ್ನನ್ನು ಕೇಳಬಾರದೆಂದು ನನ್ನಿಂದ ಆಣೆ ಮಾಡಿಸಿಕೊಂಡಳು. ಆಣೆ ಮುರಿದು ಬರೆಯುತ್ತಿದ್ದೇನೆ.

ಕ್ಷಮಿಸು ಅಜ್ಜಿ. ನೆಲದೊಳಗೆ ಬಾಯಿ ಮಾಡಬೇಡ ಎಂದದ್ದು ಈಗ ಅರ್ಥವಾಯಿತು. ಸಂಪು ಆಗಲೇ ಮುಗಿದಿತ್ತು. ಆದರೆ ನಿನ್ನ ಹೆದರಿಕೆ ತಿಳಿದ ದಿನವೇ ಬಾಯಿಗೆ ದೊಡ್ಡ ಬಂಡೆ ಎಳೆಸಿ, ಸುತ್ತ ಮಣ್ಣು ಮೆತ್ತಿಸಿಬಿಟ್ಟಿದ್ದೇನೆ. ಹಾರಿಕಾ ಅದರ ಮೇಲೆ ಕುಣಿದರೂ ಅಲುಗುವುದಿಲ್ಲ. ಯಾರೂ ಬೀಳಲಾರರು. ಬರುವ ಸೋಮವಾರ, ಆರನೇ ತಾರೀಕು, ಆಂಜಿನಪ್ಪ ಬಂಡೆ ತೆಗೆದು ಒಳಗಿಳಿದು ಸಿಮೆಂಟಿಗೆ ಆಸರೆಯಾಗಿ ಕಟ್ಟಿದ ಸೆಂಟ್ರಿಂಗ್ ಹಲಗೆ ಬಿಚ್ಚುತ್ತಾನೆ, ಆ ಕೂಡಲೇ ಮತ್ತೆ ಮುಚ್ಚುತ್ತೇವೆ. ನೀನು ನಿಶ್ಚಿಂತೆಯಿಂದ ಇರು.

ಸುಹಾಸಿನಿ

ಹೊಸ ಊರು
3 ಮೇ 2024, ಶುಕ್ರವಾರ

ಸುಹಾಸಿನಿ,

ಈ ಕಾಗದ ಪೂರ್ತಿ ಓದುವ ತನಕ ಯಾರನ್ನೂ ಸಂಪಿಗೆ ಇಳಿಸಬೇಡ. ಆದೋನಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ, ಬಾಲರಾಜ ಬಂದು ಇಸಕೊಳ್ಳಲಿ. ತಿರುಮಲೇಶನಿಂದ ಫೋನು ಮಾಡಿಸಿದೆ. "ದೀಪ ಬಿಟ್ಟು ಆಮ್ಯಾಲ ಇಳೀಬೇಕಂತ, ಮುದುಕಿ ಹೇಳ್ತಾಳ" ಎಂದು ಅವನು ನಗುತ್ತಿದ್ದ. ಆ ಕಡೆಯಿಂದ ನೀನೂ ನಕ್ಕಿರಬೇಕು. ನಿಜ ಹೇಳದೆ ನನ್ನ ಮಾತು ನಡೆಯುವುದಿಲ್ಲ ಎಂದು ತಿಳಿಯಿತು. ಹೇಳುತ್ತೇನೆ.

ರಾಮಲಕ್ಷ್ಮಿ ಬೀಳಲಿಲ್ಲ. ನಾನು ಇಳಿಸಿದೆ.

ಹಗೇವು ನೀನು ನೋಡಿಲ್ಲ. ಪಡಸಾಲೆಯ ನೆಲದಲ್ಲಿ ಬಾವಿಯಂತೆ ತೋಡಿ, ಜೋಳ ತುಂಬಿ, ಬಾಯಿಗೆ ಬಂಡೆ ಇಟ್ಟು ಮಣ್ಣು ಮೆತ್ತುತ್ತಿದ್ದೆವು, ನೀನು ಈಗ ಮೆತ್ತಿಸಿದ್ದೀಯಲ್ಲ ಹಾಗೆಯೇ. ಬಹಳ ದಿನ ಮುಚ್ಚಿದ ಬಾಯಿಯೊಳಗೆ ಕೆಟ್ಟ ಗಾಳಿ ಕೂತಿರುತ್ತದೆ. ತೆರೆದು ಒಂದು ದಿನ ಬಿಡಬೇಕು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಇಲ್ಲ. ಇದು ನಮ್ಮ ಊರಿನ ಕೂಸಿಗೂ ಗೊತ್ತಿತ್ತು. ರಾಮಲಕ್ಷ್ಮಿಗೂ ಗೊತ್ತಿತ್ತು.

ಅಂದು ನಿನ್ನ ತಾತ ಬೆಳಿಗ್ಗೆ ಬಂಡೆ ಸರಿಸಿ, "ನಾಳಿ ತನಕ ಯಾರೂ ಇಳೀಬ್ಯಾಡ್ರಿ" ಎಂದು ಹೇಳಿಯೇ ಹೊಲಕ್ಕೆ ಹೋಗಿದ್ದರು. ಕಳೆ ತೆಗೆಯಲು ಆಳು ಬಂದಿದ್ದರು, ಮನೆಯಲ್ಲಿ ಹಿಟ್ಟು ಮುಗಿದಿತ್ತು. ಪಕ್ಕದ ಮನೆಯಲ್ಲಿ ಕಡ ಕೇಳಬಹುದಿತ್ತು. ಅವರ ಹತ್ತಿರ ಹಿಂದಿನ ವಾರ ನಾನೇ ಜಗಳವಾಡಿದ್ದೆ. ನಿನ್ನ ತಾಯಿ ಮಹೇಶ್ವರಿ ಆಗ ನನ್ನ ಹೊಟ್ಟೆಯಲ್ಲಿ ಏಳು ತಿಂಗಳು, ಆ ಬಾಯಿಯಲ್ಲಿ ನನ್ನ ಮೈ ಹಿಡಿಯುತ್ತಿರಲಿಲ್ಲ. ಹುಡುಗಿಯನ್ನು ಕರೆದೆ. ಅವಳು ಬಾಯಿಯ ಅಂಚಿಗೆ ಕೂತು ಕಾಲು ಇಳಿಬಿಟ್ಟು, "ಅವ್ವಾ, ಕಂದೀಲು ಬಿಡ್ಲೇನು?" ಎಂದಳು.

ನನ್ನ ನಾಲಿಗೆ ನಿನಗೆ ಗೊತ್ತು. "ಹಗಲ್ಹೊತ್ತಿನಾಗ ದೀಪ ಹಚ್ಚಾಕ ಇಲ್ಲೇನು ಲಗ್ನ ನಡದೈತೇನು? ಒಂದು ಬುಟ್ಟಿ ಜ್ವಾಳಕ್ಕ ಎಷ್ಟು ಬೆಡಗ ನಿಂದು. ಇಳಿ" ಎಂದೆ.

ಇಳಿದಳು. ನಾನು ಬುಟ್ಟಿ ಬಿಟ್ಟೆ. ಬೇಗ ತುಂಬು ಎಂದು ಮತ್ತೆ ಬೈದೆ. ಹಗ್ಗ ಎಳೆದರೆ ಬುಟ್ಟಿ ಖಾಲಿ ಬಂತು.

ಊರು ಕೂಡಿದಾಗ ನಾನು, ಬಾಯಿ ತೆರೆದಿತ್ತು, ಆಡುತ್ತಾ ಬಿದ್ದಳು ಎಂದೆ. ತೆರೆದವರು ಯಾರು ಎಂದು ಕೇಳಿದರು. ಎಲ್ಲರೂ ನಿನ್ನ ತಾತನ ಕಡೆ ತಿರುಗಿದರು. ಅವರು ನನ್ನ ಕಡೆ ನೋಡಿದರು. ಬುಟ್ಟಿಯ ಹಗ್ಗ ಇನ್ನೂ ನನ್ನ ಕೈಯಲ್ಲೇ ಇತ್ತು. ಅವರು ಏನೂ ಹೇಳಲಿಲ್ಲ. ಸಾಯುವ ತನಕ ಹೇಳಲಿಲ್ಲ. ಊರಿನ ಬೈಗುಳ ಅವರು ತಿಂದರು, ನಾನು ಬಡಿಸುತ್ತಾ ಕೂತೆ. ನಿನ್ನ ತಾಯಿ ಅವರ ತೊಡೆಯ ಮೇಲೆ ಕೂರಲಿಲ್ಲ ಎಂದು ಬರೆದಿದ್ದೀ. ನನಗೆ ಗೊತ್ತು. ದಿನಾ ನೋಡುತ್ತಿದ್ದೆ.

ಆ ಗೋಡೆಯನ್ನು ಅದಕ್ಕೆ ಮುಂಚಿನ ಬೇಸಿಗೆಯಲ್ಲಿ ನಾನು, ನಿನ್ನ ತಾತ, ರಾಮಲಕ್ಷ್ಮಿ ಮೂವರೂ ತುಳಿದು ಕಟ್ಟಿದ್ದು. ಹಸಿ ಮಣ್ಣಿಗೆ ಅವಳು ಕೈ ಒತ್ತಿದಳು. ಅದಕ್ಕೂ ಬೈದೆ. ಊರು ಹೊಸ ಜಾಗಕ್ಕೆ ಬಂದು ಮಾಳಿಗೆ ಕುಸಿದ ಮೇಲೆ ಮಳೆಗೆ ಆ ಕೈ ಅಳಿಯಬಾರದೆಂದು ಸುಣ್ಣ ಬಳಿದು ಮೇಲೆ ಮಣ್ಣು ಮೆತ್ತಿದೆ. ಅಮಾವಾಸ್ಯೆಗೊಮ್ಮೆ ಹೋಗಿ ಸಾರಿಸಿದೆ. ಕುರಿ ಕಾಯುವವರು ಸುಳ್ಳು ಹೇಳಿಲ್ಲ. ಆ ದೆವ್ವ ನಾನೇ.

ನನ್ನ ಸುಳ್ಳು ನಂಬಿ ನೀನು ಸಂಪಿನ ಬಾಯಿ ಮುಚ್ಚಿದ್ದೀ. ಬಂಡೆ ತೆಗೆಸು. ದೀಪ ಬಿಡು. ಅವಳು ಕೇಳಿದ್ದು ಅಷ್ಟೇ.

ಉಚ್ಚಮ್ಮ

ಆದೋನಿ
7 ಮೇ 2024

ಅಜ್ಜಿ,

ಶನಿವಾರ ಕಾಗದ ಸಿಕ್ಕಿತು. ಎರಡು ದಿನ ನಿನ್ನ ಮೇಲೆ ಸಿಟ್ಟಿತ್ತು. ನಿನ್ನೆಯ ನಂತರ ಏನಿದೆಯೋ ನನಗೇ ಗೊತ್ತಿಲ್ಲ. ನಡೆದದ್ದನ್ನು ಬರೆಯುತ್ತೇನೆ.

ಭಾನುವಾರವೇ ಬಂಡೆ ತೆಗೆಸಬೇಕಿತ್ತು, ಆಂಜಿನಪ್ಪ ಸಿಗಲಿಲ್ಲ. ನಿನ್ನೆ ಬೆಳಿಗ್ಗೆ ಬಂದು ಬಂಡೆ ಸರಿಸಿದ. ದೀಪ ಬಿಡೋಣ ಎಂದೆ. "ಇಪ್ಪತ್ತು ಸಂಪು ಇಳಿದೀನಿ ಟೀಚರಮ್ಮ, ಒಂದಕ್ಕೂ ಆರತಿ ಎತ್ತಿಲ್ಲ" ಎಂದು ನಗುತ್ತಾ ಒಂದು ಕಾಲು ಏಣಿಗೆ ಇಟ್ಟ. ನಾನು ಅವನ ತೋಳು ಹಿಡಿದು ಎಳೆದೆ. ಪರಗಂಡಸಿನ ತೋಳು ಹಿಡಿದದ್ದು ನೋಡಿ ಆಳುಗಳು ಕೆಲಸ ನಿಲ್ಲಿಸಿದರು.

ಕಂದೀಲು ಈಗ ಯಾರ ಮನೆಯಲ್ಲೂ ಇಲ್ಲ. ದೇವರ ಮುಂದಿನ ದೀಪ ಹಚ್ಚಿ, ಸ್ಟೀಲ್ ಬಕೆಟ್ಟಿನಲ್ಲಿಟ್ಟು ಇಳಿಬಿಟ್ಟೆವು. ಹಗ್ಗ ಅರ್ಧ ಹೋಗುವಷ್ಟರಲ್ಲಿ ಆರಿತು. "ಗಾಳಿ ಬಡದಿರಬೇಕು" ಎಂದ. ಅಂಗಳದಲ್ಲಿ ಎಲೆ ಅಲುಗುತ್ತಿರಲಿಲ್ಲ. ಮತ್ತೆ ಹಚ್ಚಿ ಬಿಟ್ಟೆವು. ಅದೇ ಅಳತೆಗೆ ಆರಿತು. ಮೂರನೇ ಸಲ ಅವನೇ ಹಗ್ಗ ಹಿಡಿದ. ಯಾರೋ ಕೆಳಗಿನಿಂದ ಊದಿದ ಹಾಗೆ, ಅದೇ ಜಾಗದಲ್ಲಿ.

ಆಂಜಿನಪ್ಪ ತಲೆಯ ಟವೆಲ್ ತೆಗೆದು ಕೈಯಲ್ಲಿ ಹಿಡಿದು ಕೂತ. ಕೇಳಿದ: "ಯಾರು ಹೇಳಿಕೊಟ್ಟರಮ್ಮ ಇದನ್ನ?"

ಅಜ್ಜಿ ಎಂದು ಹೇಳಲು ಬಾಯಿ ತೆರೆದೆ. ಬಂದದ್ದು ಬೇರೆ. "ನಮ್ಮ ದೊಡ್ಡಮ್ಮ" ಎಂದೆ.

"ಎಲ್ಲದಾರ ಆಕಿ?" ಎಂದ. ಅವನ ಹಿಂದೆ ಹಾರಿಕಾಳ ಕೋಣೆಯ ಗೋಡೆ ಎದೆಮಟ್ಟಕ್ಕೆ ಎದ್ದಿತ್ತು, ಇನ್ನೂ ಹಸಿ.

ಸಂಪನ್ನು ತೆರೆದೇ ಬಿಟ್ಟಿದ್ದೇವೆ. ಸುತ್ತ ಮುಳ್ಳು ಹಾಕಿದ್ದೇವೆ. ದೀಪ ತಳದ ತನಕ ಉರಿದ ಮೇಲೆಯೇ ಇಳಿಯುವುದು.

ಅಮ್ಮನಿಗೆ ಕಾಗದ ತೋರಿಸಿಲ್ಲ. ನಾನು ಹೇಳಲೋ, ನೀನು ಹೇಳುತ್ತೀಯೋ? ಇಬ್ಬರಲ್ಲಿ ಒಬ್ಬರು ಹೇಳಲೇಬೇಕು ಅಜ್ಜಿ. ತಾತನ ಫೋಟೋ ಅವಳ ಮನೆಯಲ್ಲಿ ಇಲ್ಲ.

ಸುಹಾಸಿನಿ

ಹೊಸ ಊರು
12 ಮೇ 2024

ಸುಹಾಸಿನಿ,

ಎಂಟನೇ ತಾರೀಕು ಅಮಾವಾಸ್ಯೆ. ನಿನ್ನ ಕಾಗದ ಇನ್ನೂ ಬಂದಿರಲಿಲ್ಲ. ಆಂಜಿನಪ್ಪ ಬದುಕಿದ್ದಾನೆ ಎಂದು ತಿರುಮಲೇಶ ಫೋನಿನಲ್ಲಿ ಕೇಳಿ ಹೇಳಿದ್ದ, ಅಷ್ಟೇ. ಕಾಲು ತಾವೇ ಹೋದವು. ಬುಟ್ಟಿಯಲ್ಲಿ ಸೆಗಣಿ ಹಿಡಿದು ಹಳೇ ಊರಿಗೆ ಹೋದೆ. ಸಾರಿಸಲು ಏನೂ ಇರಲಿಲ್ಲ. ಸೆಗಣಿಯನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಅದೇ ಬುಟ್ಟಿ ಹೊತ್ತು ಮನೆಗೆ ಬಂದೆ. ಸೊಸೆ ಏನತ್ತೆ ಎಂದು ಕೇಳಿದಳು. ನಿನಗ್ಯಾಕೆ ಎಂದೆ. ಆಮೇಲೆ ಕರೆದು ಕೂರಿಸಿ ಅವಳಿಗೂ ತಿರುಮಲೇಶನಿಗೂ ಎಲ್ಲ ಹೇಳಿದೆ. ಒಬ್ಬರಿಗೆ ಹೇಳಿದ ಮೇಲೆ ಇನ್ನೊಬ್ಬರಿಗೆ ಹೇಳುವುದು ಸುಲಭ ಎಂದುಕೊಂಡಿದ್ದೆ. ಹಾಗೇನಿಲ್ಲ.

ನಿನ್ನ ತಾಯಿಗೆ ನಾನೇ ಹೇಳುತ್ತೇನೆ. ಗುರುವಾರ ಬೆಳಗಿನ ಬಸ್ಸಿಗೆ ಆದೋನಿಗೆ ಬರುತ್ತೇನೆ, ಅವಳನ್ನೂ ಕರೆಸು. ತಾತನ ಫೋಟೋ ನನ್ನ ಟ್ರಂಕಿನಲ್ಲಿದೆ, ತರುತ್ತೇನೆ. ಅವಳು ನನಗೆ ಊಟ ಹಾಕದೆ ಕಳಿಸಿದರೆ ನೀನು ನಡುವೆ ಬರಬೇಡ.

ಹಾರಿಕಾಳ ಕೋಣೆಯ ಒಳಗೋಡೆ ನಾನೇ ಸಾರಿಸುತ್ತೇನೆ. ನಿನಗೆ ಬರುವುದಿಲ್ಲ, ಮೂರು ದಿನದಲ್ಲಿ ಬರುವ ವಿದ್ಯೆಯಲ್ಲ ಅದು. ಒಂದು ಬುಟ್ಟಿ ಮಣ್ಣು ಹಳೇ ಊರಿನದೇ ತೆಗೆದಿಡು. ಮಗು ಕಿಟಕಿಯಲ್ಲಿ ಇಟ್ಟುಕೊಂಡಿರುವ ಹೋಳನ್ನೂ ಇಸಕೊಂಡಿಡು. ಅತ್ತರೆ ಅಳಲಿ. ಅದನ್ನು ಆ ಮಣ್ಣಿಗೆ ಹಾಕಿ ನಾನೇ ತುಳಿಯುತ್ತೇನೆ. ಬೇರೆ ಯಾರ ಕಾಲೂ ಅದಕ್ಕೆ ತಾಗಬಾರದು.

ಇನ್ನೊಂದು ಮಾತು. ನಾನು ಸಾರಿಸಿ ಮುಗಿಸಿದ ಕೂಡಲೇ ಹಾರಿಕಾ ಓಡಿಬಂದು ಹಸಿ ಗೋಡೆಗೆ ಕೈ ಒತ್ತುತ್ತೇನೆ ಎನ್ನುತ್ತಾಳೆ. ಮಕ್ಕಳಿಗೆ ಆ ಆಸೆ ಇರುತ್ತದೆ. ಬೈಯಬೇಡ. ಎತ್ತಿಕೊಂಡು ಹೊರಗೆ ಹೋಗಿ ಗೋಡೆ ಒಣಗುವ ತನಕ ಏನಾದರೂ ಆಡಿಸು. ಗೋಡೆ ನುಣ್ಣಗಿರಲಿ. ಅವಳ ಕೈ ಅವಳ ಹತ್ತಿರವೇ ಇರಲಿ.

ಉಚ್ಚಮ್ಮ